ನೀರು ತಾನೇ ಬರ್ತಿತ್ತು, ನಾವು ಕರೆಂಟ್ ಹಚ್ಚಿ ಎಳೀಲತ್ತೀವಿ

ಫೋಟೋ 1
ಇದು ಕಸದ ಗುಂಡಿ ಅಲ್ಲ ದೋಸ್ತರೇ. ಝೂಮ್ ಮಾಡಿ ನೋಡ್ರಿ. ಚಿಪ್ಸ್ ಪಾಕೆಟ್, ಗುಟ್ಕಾ ಚೀಟಿ, ಒಂದು ಹರಿದ ಚಪ್ಪಲಿ, ಅದರ ಕೆಳಗ ಕೆಂಪು ಕಲ್ಲು ಕೊರೆದ ಗೋಡೆ. ಬೀದರ್‌ನ ಕರೇಜ್‌ಗೆ ಗಾಳಿ-ಬೆಳಕು ಬಿಡೋ ಬಾವಿ ಇದು. ಮುತ್ಯಾನ ಕಾಲದವರು ಸುರಂಗ ಬಾವಿ ಅಂತಾರ. ಬಹಮನಿ ಸುಲ್ತಾನರು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ 15ನೇ ಶತಮಾನದ ಕೆಲಸ. ನಾವು ಇದರ ಪಕ್ಕದಲ್ಲಿ ಕುಂತು 'ಸ್ಮಾರ್ಟ್ ವಾಟರ್ ಸಿಸ್ಟಮ್' ಅಂತ ಪಿಪಿಟಿ ಮಾಡ್ತೀವಿ.

ಫೋಟೋ 2
ಇದು ಹೆಂಗ ಕೆಲಸ ಮಾಡ್ತದ ಅಂತ ನಮ್ಮ ಕ್ಲಾಸಿನಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ, ಹೋದ ವರ್ಷದ ತನಕ ನನಗೂ ಗೊತ್ತಿರಲಿಲ್ಲ. ಬೀದರ್ ಕುಂತಿರೋದು ಎತ್ತರದ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಆ ಕಲ್ಲು ಸ್ಪಂಜಿನಂಗ, ಮಳೆ ನೀರು ಕುಡೀತದ. ಅದರ ಕೆಳಗಿನ ಪದರ ನೀರನ್ನು ಅಷ್ಟು ಸಲೀಸಾಗಿ ಬಿಡೋದಿಲ್ಲ, ಹಂಗಾಗಿ ನೀರು ಅಲ್ಲೇ ನಿಲ್ತದ. ಆ ಮಟ್ಟಕ್ಕೆ ಒಂದು ತಾಯಿಬಾವಿ ತೋಡಿ, ಅಲ್ಲಿಂದ ಸ್ವಲ್ಪೇ ಸ್ವಲ್ಪ ಇಳಿಜಾರಿನ ಸುರಂಗ ಕೊರೆದು, ನಡುನಡುವೆ ಇಂಥ ಬಾವಿ ಬಿಟ್ಟರು. ನೀರು ತನ್ನ ಪಾಡಿಗೆ ತಾನು ನಡಕೊಂಡು ಊರಿಗೆ ಬಂತು. ಮೋಟಾರಿಲ್ಲ, ಬಿಲ್ಲಿಲ್ಲ. ನೆಲದ ಕೆಳಗೇ ಬರೋದ್ರಿಂದ ಬೀದರ್ ಬಿಸಿಲಿಗೆ ಆವಿಯಾಗೋ ಮಾತೂ ಇಲ್ಲ. ಪರ್ಷಿಯಾದಿಂದ ಬಂದ ವಿದ್ಯೆ, ನಮ್ಮ ಕಲ್ಲಿಗೆ ಹೊಂದಿತು. ನೌಬಾದ್, ಶುಕ್ಲತೀರ್ಥ, ಜಮನಾ ಮೋರಿ, ಹೀಗೆ ಮೂರು ಕರೇಜ್. ನೌಬಾದ್‌ನದ್ದೇ ಎರಡು ಕಿಲೋಮೀಟರ್‌ಗೂ ಉದ್ದ.

ಇದನ್ನ ಅಳೆದು ನಕ್ಷೆ ಮಾಡಿದವರು ಯಾರು ಗೊತ್ತೇನು? ಕೇರಳದ ಭೂಗೋಳ ಅಧ್ಯಾಪಕ ಗೋವಿಂದನ್‌ಕುಟ್ಟಿ ಮತ್ತು ಅವರ ಜೊತೆಗೂಡಿದ ಇಲ್ಲಿನ ಕೆಲವು ಹುಡುಗರು. ಅನುರಾಗ್ ತಿವಾರಿ ಅವರು ಜಿಲ್ಲಾಧಿಕಾರಿ ಆಗಿದ್ದಾಗ ಹೂಳು ತೆಗೆಯೋ ಕೆಲಸಕ್ಕೆ ಜೋರು ಬಂತು. ಆಮೇಲೆ? ಫೋಟೋ 1ಕ್ಕೆ ವಾಪಸ್ ಹೋಗ್ರಿ.

ಫೋಟೋ 3
ಕಾರಂಜಾ ಡ್ಯಾಮ್, ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ. 7.69 ಟಿಎಂಸಿ. ಫೋಟೋ ಚಂದ ಬಂದದ, ಲೈಕ್ ಕೊಡ್ರಿ, ಖರೆ ಲೆಕ್ಕಾನೂ ಓದ್ರಿ.

ಡ್ಯಾಮ್ ಕೆಳಗದ, ಬೀದರ್ ಮೇಲದ. ಎತ್ತಬೇಕಾದದ್ದು ನೂರು ಮೀಟರ್ ಅಂತ ಹಿಡೀರಿ. ಸಾವಿರ ಲೀಟರ್ ನೀರು ನೂರು ಮೀಟರ್ ಏರಬೇಕಾದ್ರೆ 0.27 ಯೂನಿಟ್ ಕರೆಂಟ್ ಬೇಕು. ಇದು ಪಿಯುಸಿ ಫಿಸಿಕ್ಸ್, ಎಂಜಿಎಚ್. ಪಂಪು-ಪೈಪಿನ ನಷ್ಟ ಸೇರಿಸಿದ್ರೆ ಹತ್ರಹತ್ರ 0.45. 2011ರ ಜನಗಣತಿಯಲ್ಲೇ ನಗರದ ಜನಸಂಖ್ಯೆ ಎರಡು ಲಕ್ಷ ದಾಟಿತ್ತು. ತಲೆಗೆ ದಿನಕ್ಕೆ 135 ಲೀಟರ್ ಅಂದ್ರೆ 2.7 ಕೋಟಿ ಲೀಟರ್. ಗುಣಿಸ್ರಿ: ದಿನಕ್ಕೆ 12 ಸಾವಿರ ಯೂನಿಟ್ ಮೇಲೆ. ಗೃಹಜ್ಯೋತಿಯಲ್ಲಿ ಒಂದು ಮನೆಗೆ ತಿಂಗಳಿಗೆ ಹೆಚ್ಚೆಂದರೆ 200 ಯೂನಿಟ್. ಅಂದ್ರೆ 60 ಮನೆಯ ತಿಂಗಳ ಕೋಟಾ ಒಂದೇ ದಿನಕ್ಕೆ ಸುಡಬೇಕು, ಬರೀ ನೀರು ಮೇಲಕ್ಕೆ ಏರಿಸ್ಲಿಕ್ಕೆ. ಶುದ್ಧ ಮಾಡೋ ಖರ್ಚು ಬೇರೆ.

ನಮ್ಮ ರೂಮಿನ ಓಣಿಗೆ ನಳ ಬಂದಾಗ ಎಲ್ಲರೂ ಕೊಡ ಹಿಡಿದು ಓಡ್ತೀವಿ. ಆ ಕೊಡದಾಗ ಎಷ್ಟು ಕಲ್ಲಿದ್ದಲು ಅದ ಅಂತ ಯಾರೂ ನೋಡಲ್ಲ.

ಫೋಟೋ 4
ಇದು ಹೊಸ ಲೇಔಟ್. ಯಾವುದು ಅಂತ ಕೇಳಬ್ಯಾಡ್ರಿ, ಎಲ್ಲಾ ಒಂದೇ ನಮೂನಿ. 30×40ರ ಒಂದು ಸೈಟ್ ಮೇಲೆ 800 ಮಿಲಿಮೀಟರ್ ಮಳೆ ಬಿದ್ರೆ 89 ಸಾವಿರ ಲೀಟರ್. ಮೊದಲು ಆ ಕಲ್ಲು ತನ್ನ ಪಾಲು ಕುಡೀತಿತ್ತು. ಈಗ ಸಿಮೆಂಟು ಹಾಕಿ ಮೋರಿಗೆ ಬಿಡ್ತೀವಿ. ಆಮೇಲೆ ಅದೇ ಸೈಟಿನಲ್ಲಿ ಬೋರ್ ಹೊಡೆದು, ಸ್ಪಂಜಿನ ತಳದ ನೀರನ್ನೂ ಹೀರ್ತೀವಿ. ಕರೇಜ್ ತಾನಾಗಿ ಸತ್ತಿಲ್ಲ, ಹಿಂಗ ಸಾಯಿಸ್ಲತ್ತೀವಿ. ಕೋಟೆಗೆ ಪೇಂಟ್ ಹೊಡೆಯೋ ಹುಚ್ಚು ಇರೋರು ತಾಯಿಬಾವಿಯ ಸುತ್ತಲಿನ ನೆಲಕ್ಕೆ ಲೇಔಟ್ ಪರವಾನಗಿ ಕೊಡಬ್ಯಾಡ್ರಿ ಅಂತ ಯಾಕ ಕೇಳಲ್ಲ?

ಫೋಟೋ 5
ಭಾಲ್ಕಿಯಿಂದ ಔರಾದ್ ಕಡೆ ಹೋಗುವಾಗ ತೆಗೆದ ಮಾಂಜ್ರಾ. ನಾನು ಭಾಲ್ಕಿ ತಾಲ್ಲೂಕಿನವ, ಸ್ವಲ್ಪ ಸಿಟ್ಟು ಜಾಸ್ತಿ ಇರ್ತದ, ಸಹಿಸ್ಕೊಳ್ರಿ. ಈ ಹೊಳೆ ಲಾತೂರ್ ಕಡೆಯಿಂದ ಬಂದು ನಮ್ಮನ್ನ ದಾಟಿ ತೆಲಂಗಾಣಕ್ಕೆ ಹೋಗಿ ಹೈದರಾಬಾದಿಗೂ ಕುಡಿಯೋ ನೀರಾಗ್ತದ. 2016ರ ಏಪ್ರಿಲ್‌ನಲ್ಲಿ ಇದೇ ಹೊಳೆಯ ಲಾತೂರಿಗೆ ಮಿರಜ್‌ನಿಂದ ರೈಲಿನಲ್ಲಿ ನೀರು ತಂದರು, ಮೊದಲ ರೈಲಿನಲ್ಲಿ ಸುಮಾರು 5 ಲಕ್ಷ ಲೀಟರ್. ಮೇಲಿನ ಲೆಕ್ಕದ ಬೀದರ್‌ಗೆ ಅಂಥವು ದಿನಕ್ಕೆ 54 ರೈಲು ಬೇಕು.

ಡ್ಯಾಮಿಗೆ ಹೊಲ ಕೊಟ್ಟವರು ಹಳ್ಳಿಯವರು. ಈಗ ಬಿಸಿಲಿನ ಸರದಿ. ಔರಾದ್ ಕಡೆ ಸೋಲಾರ್ ಪಾರ್ಕಿನ ಮಾತು ಎದ್ದಾಗೆಲ್ಲ ನಮ್ಮ ಗ್ರೂಪಿನಲ್ಲಿ ಬೆಂಕಿ ಇಮೋಜಿ ಬೀಳ್ತಾವ. ನನಗೂ ಸೋಲಾರ್ ಬೇಕು. ಆದ್ರ ಪಾವಗಡ ನೋಡ್ರಿ: 2,050 ಮೆಗಾವ್ಯಾಟ್, ಹತ್ತಿರ ಹತ್ತಿರ 13 ಸಾವಿರ ಎಕರೆ. ಹೊಲ ಇದ್ದವರಿಗೆ ವರ್ಷಕ್ಕೆ ಎಕರೆಗೆ 21 ಸಾವಿರದಿಂದ ಬಾಡಿಗೆ ಶುರುವಾಯ್ತು. ಹೊಲ ಇಲ್ಲದೆ ಕೂಲಿಗೆ ಹೋಗ್ತಿದ್ದವರಿಗೆ ಕೂಲಿ ಹೋಯ್ತು, ಬಾಡಿಗೆ ಬರಲಿಲ್ಲ. ಔರಾದ್‌ನ ಆ ಮನೆಗಳ ಹೆಸರು ಯಾವ ಪಿಪಿಟಿಯಲ್ಲಿ ಅದ?

ಅದಕ್ಕಿಂತ ಮೊದಲು ಒಂದು ಸಣ್ಣ ಪ್ರಶ್ನೆ. ನೀರೆತ್ತೋ ಪಂಪುಗಳನ್ನೇ ಯಾಕ ಬಿಸಿಲಿಗೆ ಕಟ್ಟಬಾರದು? ಸೋಲಾರ್ ಅಂದ್ರೆ ರಾತ್ರಿ ಏನು ಮಾಡ್ತೀರಿ, ಬ್ಯಾಟರಿ ದುಬಾರಿ ಅಂತಾರ. ನೀರಿಗೆ ಬ್ಯಾಟರಿ ಯಾಕ ಬೇಕು? ಹಗಲು ಎತ್ತಿ ಮೇಲಿನ ಟಾಕಿ ತುಂಬಿಸ್ರಿ, ರಾತ್ರಿ ಅದು ತಾನೇ ಇಳೀತದ. ಟಾಕಿಯೇ ಬ್ಯಾಟರಿ. ಟಾಕಿ ದೊಡ್ಡದು ಕಟ್ಟಬೇಕಾಗ್ತದ ಅನ್ನೋದು ಖರೆ, ಕಟ್ಟಲಿ.

ಫೋಟೋ 6
ಒಬ್ಬ ಸೀನಿಯರ್ ಅಣ್ಣ ಡಿಎಂ ಹಾಕ್ಯಾರ: 'ತಮ್ಮಾ, ಕರೇಜ್ ನೀರು ಎರಡು ಲಕ್ಷ ಜನಕ್ಕೆ ಸಾಲ್ತದೇನು? ರೊಮ್ಯಾಂಟಿಕ್ ಆಗಬ್ಯಾಡ.' ಸಾಲಲ್ಲ ಅಣ್ಣಾ. ಕಾರಂಜಾ ಪೈಪು ಕಿತ್ತು ಬಿಸಾಕ್ರಿ ಅಂತ ನಾ ಎಲ್ಲಿ ಅಂದೆ? ತಾನೇ ಬರೋ ನೀರು ಮೊದಲು, ಎಳೆದು ತರೋದು ಆಮೇಲೆ, ಇಷ್ಟೇ ನನ್ನ ಜಗಳ. ತೋಟಕ್ಕೆ, ಬಟ್ಟೆ ಒಗೀಲಿಕ್ಕೆ, ಕಟ್ಟಡ ಕೆಲಸಕ್ಕೆ ಕರೇಜ್ ನೀರು ಎಷ್ಟು ಸಿಗ್ತದೋ ಅಷ್ಟು ಕಡಿಮೆ ಎತ್ತಬಹುದು. ಹತ್ತನೇ ಒಂದು ಪಾಲು ಉಳಿದ್ರೂ ಮೇಲಿನ ಲೆಕ್ಕದಲ್ಲಿ ದಿನಕ್ಕೆ 1,200 ಯೂನಿಟ್. ಆದ್ರ ಎಷ್ಟು ಸಿಗ್ತದ ಅಂತ ಹೇಳಬೇಕಾದ್ರೆ ಪ್ರತಿ ತಿಂಗಳು ಅಳೀಬೇಕು. ಫೈನಲ್ ಇಯರ್ ಪ್ರಾಜೆಕ್ಟಿಗೆ ದುಡ್ಡು ಕೊಟ್ಟು ಮಾಡೆಲ್ ತರೋರು ಈ ಕೆಲಸ ಹಿಡೀಬಹುದಲ್ಲ? ಸುಮ್ಮ ಕೇಳ್ದೆ.

ಫೋಟೋ 7
ರವಿವಾರ ಮುಂಜಾನೆ 7ಕ್ಕೆ ನೌಬಾದ್. ಉದ್ದನೆ ಹಗ್ಗ, ತುದಿಗೆ ಕಟ್ಟಲಿಕ್ಕೆ ಕಲ್ಲು, ಟೇಪು, ನೋಟ್‌ಬುಕ್, ಕಸಕ್ಕೆ ಗೋಣಿಚೀಲ. ಪ್ರತಿ ಬಾವಿಯಲ್ಲಿ ನೀರು ಎಷ್ಟು ಆಳಕ್ಕದ ಅಂತ ಮೇಲಿಂದಲೇ ಅಳೆಯೋದು, ಸುರಂಗದ ಒಳಗ ಯಾರೂ ಇಳಿಯಂಗಿಲ್ಲ. ರೀಲ್ಸ್ ಮಾಡೋರೂ ಬರ್ರಿ, ಮೊದಲು ಒಂದು ಚೀಲ ತುಂಬಿಸ್ರಿ.