ಮೂಟೆ ಅಲ್ಲೇ ಇರಲಿ, ಖಾತೆ ಪುಸ್ತಕ ಬದಲಾಗಲಿ

2024ರ ನವೆಂಬರಿನಲ್ಲಿ ಪೋಸ್ಟ್‌ಗ್ರೆಸ್ 12ಕ್ಕೆ ಸಪೋರ್ಟ್ ನಿಂತುಹೋಯ್ತು. ನಮ್ಮ ಪ್ರಾಜೆಕ್ಟಿನ ಡೇಟಾಬೇಸ್ ಆಗಲೂ ಅದರ ಮೇಲೇ ಓಡ್ತಾ ಇತ್ತು. ಯಾಕೆ ಸರ್ ಅಂತ ಸೀನಿಯರ್ ಒಬ್ಬರನ್ನ ಕೇಳಿದೆ. "ಡಂಪ್ ತೆಗೆದು ಮತ್ತೆ ಲೋಡ್ ಮಾಡೋಕೆ ಎರಡು ದಿನ ಬೇಕು ಮಾರಾಯ. ಅಲ್ಲೀತನಕ ಸೈಟ್ ಮುಚ್ಚೋಕೆ ಯಾರು ಒಪ್ತಾರೆ?" ಅಂದ್ರು.

2008ರಲ್ಲಾಗಿದ್ರೆ ಈ ಮಾತು ನಿಜ. ಆದ್ರೆ 2010ರಲ್ಲಿ ಬಂದ 9.0 ಆವೃತ್ತಿಯಿಂದಲೇ ಪಿಜಿ-ಅಪ್‌ಗ್ರೇಡ್ ಅನ್ನೋ ಸಾಧನ ಪೋಸ್ಟ್‌ಗ್ರೆಸ್ ಜೊತೆಗೇ ಬರುತ್ತೆ. ಅದರ ಗುಟ್ಟು ಸರಳ. ಹೊಸ ಆವೃತ್ತಿಯಲ್ಲಿ ಬದಲಾಗೋದು ಹೆಚ್ಚಾಗಿ ಕ್ಯಾಟಲಾಗ್, ಅಂದ್ರೆ ಯಾವ ಟೇಬಲ್ ಎಲ್ಲಿದೆ, ಯಾವ ಕಾಲಂ ಹೇಗಿದೆ ಅನ್ನೋ ಲೆಕ್ಕ. ನಮ್ಮ ಡೇಟಾ ಇರೋ ಫೈಲುಗಳ ರೂಪ ಬದಲಾಗೋದು ತೀರಾ ಅಪರೂಪ. ಗೋದಾಮಿನ ಖಾತೆ ಪುಸ್ತಕ ಹೊಸದಾಯ್ತು ಅಂತ ಅಕ್ಕಿ ಮೂಟೆಗಳನ್ನೆಲ್ಲ ಬೀದಿಗೆ ತಂದು ಮತ್ತೆ ಒಳಗೆ ಹೊರಬೇಕಾ? ಲಿಂಕ್ ಆಯ್ಕೆ ಕೊಟ್ರೆ ಫೈಲುಗಳ ನಕಲೂ ಆಗಲ್ಲ, ಇಂಡೆಕ್ಸುಗಳನ್ನ ಮತ್ತೆ ಕಟ್ಟೋ ಕೆಲಸವೂ ಇಲ್ಲ.

ಒಂದು ಶನಿವಾರ ಪ್ರೊಡಕ್ಷನ್‌ನ ನಕಲಿನ ಮೇಲೆ ಇದನ್ನ ಓಡಿಸಿ ನೋಡಿದೆ. ಕೆಲವೇ ನಿಮಿಷದಲ್ಲಿ ಮುಗೀತು! ಖುಷಿಯಲ್ಲಿ ಕಾಫಿ ಕುಡಿದು ಬಂದು ನೋಡಿದ್ರೆ, ಸೆಕೆಂಡಿನಲ್ಲಿ ಬರ್ತಿದ್ದ ರಿಪೋರ್ಟ್ ಅಲುಗಾಡ್ತಾನೇ ಇಲ್ಲ. ಕ್ವೆರಿ ಪ್ಲಾನರ್ ನಂಬಿಕೊಂಡಿರೋ ಅಂಕಿಅಂಶಗಳು ಹೊಸ ಕಡೆಗೆ ಬಂದೇ ಇರಲಿಲ್ಲ. ಅನಲೈಸ್ ಓಡಿಸಿದ ಮೇಲೆ ಸರಿಹೋಯ್ತು. (2025ರಲ್ಲಿ ಬಂದ 18ನೇ ಆವೃತ್ತಿಗೆ ಹೋದ್ರೆ ಅವೂ ಬಹುಪಾಲು ಜೊತೆಗೇ ಬರ್ತವೆ.)

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಲಿಂಕ್ ಬಳಸಿದಾಗ ಹಳೇದೂ ಹೊಸದೂ ಅದೇ ಫೈಲುಗಳನ್ನ ಹಂಚಿಕೊಳ್ತವೆ. ಹೊಸ ಸರ್ವರ್ ಒಮ್ಮೆ ಶುರುವಾದ್ರೆ ಹಳೇದಕ್ಕೆ ವಾಪಸ್ ಹೋಗೋ ಹಾಗಿಲ್ಲ. ಬ್ಯಾಕಪ್ ಒಂದೇ ಗತಿ. ಆ ಬ್ಯಾಕಪ್ಪನ್ನ ಬೇರೆ ಮೆಷಿನ್‌ನಲ್ಲಿ ರಿಸ್ಟೋರ್ ಮಾಡಿ ನೋಡದೇ ಇದ್ರೆ ಅದು ಬ್ಯಾಕಪ್ಪೇ ಅಲ್ಲ ಅನ್ನೋದು ನನ್ನ ಅಭಿಪ್ರಾಯ.

ಹಾಗಾಗಿ ನಾನು ಹೇಳೋದು ಇಷ್ಟೇ. ಎರಡು ದಿನ ಬೇಕು ಅನ್ನೋ ನೆಪ ಬಿಡೋಣ, ಅದರ ಬದಲು ತಾಲೀಮಿಗೆ ಒಂದು ಶನಿವಾರ ಕೊಡೋಣ. ಭದ್ರತೆಯ ತೇಪೆ ಸಿಗದ ಡೇಟಾಬೇಸಿನಲ್ಲಿ ಜನರ ವಿಳಾಸ, ಫೋನ್ ನಂಬರ್ ಇಟ್ಟುಕೊಂಡು ನಿಶ್ಚಿಂತೆಯಿಂದ ಮಲಗೋದು ನನಗಂತೂ ಸರಿ ಕಾಣಲ್ಲ.

ನಿಮ್ಮ ಆಫೀಸಿನಲ್ಲಿ ಯಾವ ಆವೃತ್ತಿ ಓಡ್ತಿದೆ? ಸೋಮವಾರ ಹೋದಾಗ ಒಮ್ಮೆ ನೋಡಿ :-)