ನಿಪ್ಪಾಣಿಯ ಟೀವಿ ಯಾರ ಲೆಕ್ಕಕ್ಕೆ?

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಿಪ್ಪಾಣಿ ಬಿಟ್ಟು ಉತ್ತರಕ್ಕೆ ಹೊರಟರೆ ಕೊಗನೋಳಿ ಟೋಲ್‌ನಾಕಾ ಸಿಗುತ್ತದೆ. ಅದನ್ನು ದಾಟಿ ಕಾಗಲ್ ಮುಟ್ಟುವಷ್ಟರಲ್ಲಿ ಪ್ರಯಾಣಿಕ ತನಗೇ ಗೊತ್ತಿಲ್ಲದೆ ‘ಹಿಂದಿ ಭಾಷಿಕ ಮಾರುಕಟ್ಟೆ’ಯೊಳಗೆ ಕಾಲಿಟ್ಟಿರುತ್ತಾನೆ. ಕಾಗಲ್‌ನ ಸಂತೆಯಲ್ಲಿ ಹಿಂದಿ ಹುಡುಕಿಕೊಂಡು ಹೋದವರಿಗೆ ಸಿಗುವುದು ಮರಾಠಿ. ಆದರೆ ಟೀವಿ ಜಾಹೀರಾತು ಕೊಳ್ಳುವವರ ನಕ್ಷೆಯಲ್ಲಿ ದಕ್ಷಿಣದ ರಾಜ್ಯಗಳನ್ನು ತೆಗೆದರೆ ಉಳಿದ ದೇಶವೆಲ್ಲ ಹಿಂದಿಯದೇ. ಮಹಾರಾಷ್ಟ್ರವೂ ಅದರೊಳಗೆ, ಕಾಗಲ್ಲೂ ಅದರೊಳಗೆ. ಕೆಲವೇ ಕಿಲೋಮೀಟರ್ ಈಚೆಗಿನ ನಿಪ್ಪಾಣಿ ಮಾತ್ರ ‘ಕರ್ನಾಟಕ’ ಎಂಬ ಬೇರೊಂದು ಮಾರುಕಟ್ಟೆ.

ಈ ಗೆರೆ ಎಳೆದವರು ಟೀವಿಯವರಲ್ಲ. 1956ರ ನವೆಂಬರ್ 1ರಂದು ಮುಂಬೈ ರಾಜ್ಯದಿಂದ ಬೆಳಗಾವಿ ಜಿಲ್ಲೆ ಮೈಸೂರಿಗೆ ಸೇರಿದಾಗ ಬಿದ್ದ ಗಡಿಯನ್ನೇ ಅವರು ತಂದು ತಮ್ಮ ಲೆಕ್ಕದ ಪುಸ್ತಕಕ್ಕೆ ಅಂಟಿಸಿಕೊಂಡರು. ಆ ಗಡಿ ಎಲ್ಲಿರಬೇಕೆಂಬ ಮಾತು ಬೇರೆ. 1967ರ ಮಹಾಜನ ವರದಿ, 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವ ದಾವೆ ಅದಕ್ಕಿವೆ. ಇಲ್ಲಿನ ತಕರಾರು ಇಷ್ಟೇ: ಆಡಳಿತದ ಗಡಿ ಎಷ್ಟೇ ಸರಿಯಿದ್ದರೂ ಸಂಜೆ ಏಳರ ನಂತರ ಮನೆಯೊಳಗೆ ಯಾವ ವಾಹಿನಿ ಓಡುತ್ತದೆ ಎಂಬುದನ್ನು ಅದು ಹೇಳಲಾರದು.

ದೇಶದಲ್ಲಿ ಟೀವಿ ನೋಡುವವರನ್ನು ಎಣಿಸುವುದು ಬಾರ್ಕ್. ಪ್ರಸಾರಕರು, ಜಾಹೀರಾತುದಾರರು, ಜಾಹೀರಾತು ಏಜೆನ್ಸಿಗಳು ಕೂಡಿ ಕಟ್ಟಿದ ಈ ಸಂಸ್ಥೆ 2015ರಲ್ಲಿ ಅಂಕಿ ಕೊಡಲು ಶುರುಮಾಡಿತು. ಅದೇ ವರ್ಷದ ಅಕ್ಟೋಬರ್‌ವರೆಗೆ ಹಳ್ಳಿಗಳು ಟಿಆರ್‌ಪಿ ಲೆಕ್ಕದೊಳಗೆ ಇರಲೇ ಇಲ್ಲ. ರಾಯಬಾಗದ ತೋಟದ ಮನೆಯವರು ಏನು ನೋಡಿದರೂ ಯಾರಿಗೂ ಬೇಕಿರಲಿಲ್ಲ. ಈಗ ಬೇಕು, ಆದರೆ ಎಣಿಸುವ ಕೈ ಚಿಕ್ಕದು. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2025ರ ಜುಲೈನಲ್ಲಿ ತಾನೇ ಹೇಳಿದ ಪ್ರಕಾರ ದೇಶದ ಟೀವಿ ಮನೆಗಳು ಸುಮಾರು 23 ಕೋಟಿ, ಅವುಗಳಲ್ಲಿ ಮೀಟರ್ ಇರುವುದು ಸುಮಾರು 58,000ಕ್ಕೆ. ಹತ್ತಿರ ಹತ್ತಿರ 4,000 ಮನೆಗೆ ಒಂದು ಮೀಟರು.

ವಾರಕ್ಕೊಮ್ಮೆ ಬಾರ್ಕ್ ಸಾರ್ವಜನಿಕವಾಗಿ ಹೊರಹಾಕುವ ಪಟ್ಟಿಗಳಲ್ಲಿ ಭಾಷೆಗೂ ರಾಜ್ಯಕ್ಕೂ ಗಂಟು ಹಾಕಿರುತ್ತದೆ. ಕನ್ನಡ ಎಂದರೆ ಕರ್ನಾಟಕ. ಮರಾಠಿ ಎಂದರೆ ಮಹಾರಾಷ್ಟ್ರ ಮತ್ತು ಗೋವಾ. ನಿಪ್ಪಾಣಿಯ ಮನೆಯೊಂದು ವಾರಪೂರ್ತಿ ಸ್ಟಾರ್ ಪ್ರವಾಹ ನೋಡಿದರೂ ಮರಾಠಿ ಪಟ್ಟಿಯ ಮೊದಲ ಐದರಲ್ಲಿ ಅದರ ಪಾಲಿಲ್ಲ. ಅತ್ತ ಸಾಂಗ್ಲಿ ಜಿಲ್ಲೆಯ ಜತ್ತ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟದ ಕನ್ನಡದ ಮನೆಗಳು ಉದಯವನ್ನೋ ಕಲರ್ಸ್ ಕನ್ನಡವನ್ನೋ ಹಚ್ಚಿಕೊಂಡು ಕೂತರೂ ಕನ್ನಡದ ಪಟ್ಟಿಗೆ ಅವರು ಸೇರರು. ಎರಡೂ ಕಡೆ ನೋಡುಗರಿದ್ದಾರೆ, ಎರಡೂ ಕಡೆ ತಿಂಗಳ ದುಡ್ಡು ಕಟ್ಟುತ್ತಾರೆ. ಪಟ್ಟಿಯಲ್ಲಿ ಮಾತ್ರ ಇಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ದಿನನಿತ್ಯದ ಬದುಕು ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದನ್ನು ಬಸ್ ನಿಲ್ದಾಣದಲ್ಲಿ ನಿಂತರೆ ತಿಳಿಯಬಹುದು. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿಲೋಮೀಟರ್, ಜಿಲ್ಲಾಕೇಂದ್ರ ಬೆಳಗಾವಿ ಸುಮಾರು 75, ರಾಜಧಾನಿ 550ಕ್ಕೂ ಹೆಚ್ಚು. ಕಾಗವಾಡ ದಾಟಿದರೆ ಮ್ಹೈಸಾಳ, ಆಮೇಲೆ ಮಿರಜ. ದವಾಖಾನೆಗೆಂದರೆ ಈ ಭಾಗದವರ ಬಾಯಿಗೆ ಮೊದಲು ಬರುವ ಹೆಸರೇ ಮಿರಜ. ಉಗಾರದ ಸಕ್ಕರೆ ಕಾರ್ಖಾನೆ ಕಾಗವಾಡ ತಾಲೂಕಿನಲ್ಲಿದೆ, ಅದರ ಕಂಪನಿಯ ನೋಂದಾಯಿತ ಕಚೇರಿ ಸಾಂಗ್ಲಿಯಲ್ಲಿದೆ. ಕಬ್ಬಿಗೆ ಅತ್ತ ದರ ಹೆಚ್ಚು ಸಿಕ್ಕರೆ ಟ್ರ್ಯಾಕ್ಟರು ಅತ್ತ, ಇತ್ತ ಹೆಚ್ಚಾದರೆ ಇತ್ತ. ಬೀಗತನವೂ ಹಾಗೆಯೇ. ಮನೆಯೊಳಗೆ ಕನ್ನಡ, ಅಡತಿ ಅಂಗಡಿಯಲ್ಲಿ ಮರಾಠಿ, ಅಥವಾ ಅದರ ತಿರುವುಮುರುವು. ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಿ ಆಡುವ ಜನಕ್ಕೆ ಒಂದೇ ಭಾಷೆಯ ಪ್ರೇಕ್ಷಕ ಎಂಬ ಚೀಟಿ ಹಚ್ಚುವುದು ಕಷ್ಟ.

ಚೀಟಿ ಹಚ್ಚುವುದರಿಂದ ಏನಾಗುತ್ತದೆ ಎಂಬುದಕ್ಕೆ ಧಾರಾವಾಹಿಗಳೇ ಸಾಕ್ಷಿ. 2016ರಲ್ಲಿ ಜೀ ಮರಾಠಿಯಲ್ಲಿ ‘ತುಝ್ಯಾತ್ ಜೀವ್ ರಂಗಲಾ’ ಶುರುವಾಯಿತು. ಕೊಲ್ಹಾಪುರದ ಮಣ್ಣು, ಕುಸ್ತಿಯ ಪೈಲ್ವಾನ ರಾಣಾ, ಅಲ್ಲಿಯದೇ ಒರಟು ಮರಾಠಿ. ಮರುವರ್ಷ ಅದೇ ಕಥೆ ಜೀ ಕನ್ನಡದಲ್ಲಿ ‘ಜೋಡಿಹಕ್ಕಿ’ ಆಯಿತು. 2018ರ ‘ತುಲಾ ಪಾಹತೆ ರೇ’ 2019ರಲ್ಲಿ ‘ಜೊತೆ ಜೊತೆಯಲಿ’ಯಾಗಿ ಬಂತು. ಒಂದೇ ಬಳಗ ಒಂದೇ ಕಥೆಯನ್ನು ಎರಡು ಸಲ ಮಾರುವುದು ತಪ್ಪೇನಲ್ಲ, ವ್ಯಾಪಾರ. ಎರಡು ಮಾರುಕಟ್ಟೆಗಳು ಒಂದನ್ನೊಂದು ಮುಟ್ಟುವುದಿಲ್ಲ ಎಂಬ ನಂಬಿಕೆಯ ಮೇಲೆ ಆ ವ್ಯಾಪಾರ ನಿಂತಿದೆ. ಈ ಐದು ತಾಲೂಕುಗಳಲ್ಲಿ ಅವು ಮುಟ್ಟುತ್ತವೆ. ಮರಾಠಿಯಲ್ಲಿ ನೋಡಿ ಮುಗಿಸಿದ ಅತ್ತೆಗೆ ಕನ್ನಡದಲ್ಲಿ ನೋಡುತ್ತಿರುವ ಸೊಸೆಯ ಕಥೆ ಮೊದಲೇ ಗೊತ್ತು.

ಇನ್ನೂ ತಮಾಷೆಯ ಸಂಗತಿಯೆಂದರೆ, ಉತ್ತರ ಕರ್ನಾಟಕದ ಮಾತನ್ನು ಕನ್ನಡದ ಪ್ರೈಮ್‌ಟೈಮಿಗೆ ತಂದ ‘ಗಿಣಿರಾಮ’ ಕೂಡ ಕಲರ್ಸ್ ಮರಾಠಿಯ ‘ಜೀವ್ ಝಾಲಾ ಯೇಡಾಪಿಸಾ’ದ ರೀಮೇಕು. ಅಂದರೆ ಈ ಕಡೆಯ ಮಾತು ತೆರೆಗೆ ಬರಬೇಕಾದರೂ ಕಥೆ ಗಡಿಯಾಚೆಯಿಂದ ಬರಬೇಕಾಯಿತು. ಬೆಂಗಳೂರಿನಲ್ಲಿ ಕೂತು ಕರ್ನಾಟಕವನ್ನು ಒಂದೇ ಅಂಕಿಯಾಗಿ ನೋಡುವವರಿಗೆ ಅಥಣಿಯ ಮಾತಿನಲ್ಲಿ ಅಥಣಿಯ ಕಥೆ ಹೇಳಿದರೆ ಎಷ್ಟು ಲಾಭ ಎಂದು ತೋರಿಸುವ ಸಾಲು ಬಾರ್ಕ್ ಪಟ್ಟಿಯಲ್ಲಿಲ್ಲ. ಸಾಲಿಲ್ಲದ ಕಡೆ ದುಡ್ಡು ಹಾಕುವವರು ಯಾರು?

ಜಾಹೀರಾತಿನ ಕಥೆಯೂ ಇದೇ. ಉಪಗ್ರಹದಿಂದ ಇಳಿಯುವ ಕನ್ನಡ ವಾಹಿನಿಯ ಸಿಗ್ನಲ್ ಬೀದರಿಗೂ ಚಾಮರಾಜನಗರಕ್ಕೂ ಒಂದೇ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಜಾಹೀರಾತನ್ನು ರಾಯಬಾಗದ ಕಬ್ಬಿನ ರೈತ ನೋಡುತ್ತಾನೆ. ಅವನಿಗೆ ಬೇಕಾದ ಹನಿ ನೀರಾವರಿ ಪೈಪಿನ ವ್ಯಾಪಾರಿಗೆ ಇಡೀ ರಾಜ್ಯದ ದರ ಕೊಟ್ಟು ಹತ್ತು ಸೆಕೆಂಡು ಕೊಳ್ಳುವ ತಾಕತ್ತಿಲ್ಲ. ಆತನಿಗೆ ಕೇಬಲ್‌ನವರ ಸ್ಥಳೀಯ ಚಾನೆಲ್ಲಿನಲ್ಲಿ ತೆರೆಯ ಕೆಳಗೆ ಓಡುವ ಪಟ್ಟಿಯೇ ಗತಿ. ಇದಕ್ಕೆ ತಂತ್ರಜ್ಞಾನದ ಉತ್ತರ ಇಲ್ಲದಿಲ್ಲ. ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ ಅಮಾಗಿ ಕಂಪನಿ, ರಾಷ್ಟ್ರೀಯ ವಾಹಿನಿಯೊಂದರ ಒಂದೇ ಜಾಹೀರಾತು ಬಿಡುವಿನಲ್ಲಿ ಊರೂರಿಗೆ ಬೇರೆ ಬೇರೆ ಜಾಹೀರಾತು ತೋರಿಸುವ ವಿದ್ಯೆಯಿಂದಲೇ ಹೆಸರಾಯಿತು. ವಿದ್ಯೆ ಇದೆ, ನಕ್ಷೆ ಹಳೆಯದು.

ಚಂದಾದಾರನ ಕಿಸೆಗೂ ಈ ಗೆರೆ ತಾಗುತ್ತದೆ. 2019ರ ಫೆಬ್ರುವರಿ 1ರಿಂದ ನಿಯಂತ್ರಣ ಪ್ರಾಧಿಕಾರ ಟ್ರಾಯ್ ತಂದ ಹೊಸ ವ್ಯವಸ್ಥೆ ‘ನೋಡುವ ವಾಹಿನಿಗಷ್ಟೇ ದುಡ್ಡು’ ಎಂದಿತು. ದೊಡ್ಡ ಬಳಗಗಳು ಕೂಡಲೇ ಕನ್ನಡದ ಪ್ಯಾಕು, ಮರಾಠಿಯ ಪ್ಯಾಕು ಎಂದು ಭಾಷೆವಾರು ಕಟ್ಟಿಟ್ಟವು. ಬಿಡಿಯಾಗಿ ಕೊಂಡರೆ ಆಗ ಜೀ ಕನ್ನಡಕ್ಕೆ 19 ರೂಪಾಯಿ, ಜೀ ಮರಾಠಿಗೂ 19 ರೂಪಾಯಿ, ಮೇಲೆ ತೆರಿಗೆ. ಮೈಸೂರಿನ ಮನೆ ಒಂದು ಪ್ಯಾಕಿನಲ್ಲಿ ಮುಗಿಸಿದ್ದನ್ನು ಚಿಕ್ಕೋಡಿಯ ಮನೆ ಎರಡರಲ್ಲಿ ಮುಗಿಸಬೇಕು. ಎರಡು ಭಾಷೆ ಬಲ್ಲದ್ದಕ್ಕೆ ಎರಡು ಬಿಲ್ಲು.

ಮನರಂಜನೆಯ ಮಾತು ಬಿಡಿ, ನೀರಿನ ಮಾತಿಗೆ ಬನ್ನಿ. ಮಳೆಗಾಲದಲ್ಲಿ ಕೃಷ್ಣಾ ತೀರದವರಿಗೆ ಬೇಕಾದ ಸುದ್ದಿ ಎರಡೇ: ಕೊಯ್ನಾ ಅಣೆಕಟ್ಟಿನಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಹರಿಯುತ್ತಿದೆ. ಎರಡೂ ಮಹಾರಾಷ್ಟ್ರದಲ್ಲಿವೆ, ಮುಳುಗುವ ಸೇತುವೆಗಳು ಚಿಕ್ಕೋಡಿ, ಕಾಗವಾಡ, ಅಥಣಿಯಲ್ಲಿವೆ. 2019ರ ಆಗಸ್ಟ್‌ನಲ್ಲೂ 2021ರ ಜುಲೈನಲ್ಲೂ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆ ಹೆದ್ದಾರಿಯ ಮೇಲೆ ಬಂದು ಸಂಚಾರ ನಿಂತಿತು. ನದಿಯ ಮೇಲ್ಭಾಗದ ಸುದ್ದಿ ಮರಾಠಿ ವಾಹಿನಿಯಲ್ಲಿ, ಕೆಳಭಾಗದ ಪರಿಹಾರದ ಸುದ್ದಿ ಕನ್ನಡ ವಾಹಿನಿಯಲ್ಲಿ. ನಡುವಿನ ಜನ ರಿಮೋಟು ಒತ್ತುತ್ತ ಎರಡನ್ನೂ ತಾವೇ ಜೋಡಿಸಿಕೊಳ್ಳಬೇಕು. ಒಂದು ನದಿಗೆ ಒಂದು ಬುಲೆಟಿನ್ ಮಾಡಲು ಯಾವ ವಾಹಿನಿಗೂ ಕಾರಣ ಕಾಣದು, ಏಕೆಂದರೆ ಆ ನದಿಯ ಪ್ರೇಕ್ಷಕರು ಒಂದು ಮಾರುಕಟ್ಟೆಯಲ್ಲ.

ರಾಜ್ಯದ ಗಡಿ ಕಿತ್ತುಹಾಕಿ ನೋಡುವಿಕೆಯ ಮೇಲೆಯೇ ನಕ್ಷೆ ಬರೆದರೆ ಸಾಕೇ? ಅಮೆರಿಕದಲ್ಲಿ ಹಾಗೆಯೇ ಮಾಡಿದ್ದಾರೆ. ನೀಲ್ಸನ್ ಕಂಪನಿ ಆ ದೇಶವನ್ನು 210 ಟೀವಿ ಮಾರುಕಟ್ಟೆಗಳಾಗಿ ಹಂಚಿದೆ, ರಾಜ್ಯದ ಗಡಿಯನ್ನು ಅದು ಲೆಕ್ಕಿಸುವುದಿಲ್ಲ. ಫಲ ಏನಾಯಿತೆಂದರೆ, ಕೊಲೊರಾಡೊ ರಾಜ್ಯದ ಲಾ ಪ್ಲಾಟಾ ಕೌಂಟಿ ನೆರೆಯ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿ ಮಾರುಕಟ್ಟೆಗೆ ಬಿತ್ತು. ಅಲ್ಲಿನವರಿಗೆ ಉಪಗ್ರಹ ಟೀವಿಯಲ್ಲಿ ಸಿಗುತ್ತಿದ್ದುದು ಪಕ್ಕದ ರಾಜ್ಯದ ಸುದ್ದಿ, ಪಕ್ಕದ ರಾಜ್ಯದ ಚುನಾವಣಾ ಜಾಹೀರಾತು. ಕೌಂಟಿಯವರು ಅರ್ಜಿ ಹಾಕಿ, 2017ರಲ್ಲಿ ಆ ದೇಶದ ಸಂಪರ್ಕ ಆಯೋಗದ ಆದೇಶ ಪಡೆದು, ತಮ್ಮದೇ ರಾಜಧಾನಿ ಡೆನ್ವರ್‌ನ ವಾಹಿನಿಗಳಿಗೆ ದಾರಿ ಮಾಡಿಕೊಳ್ಳಬೇಕಾಯಿತು. ಅದೇ ಸೂತ್ರ ಇಲ್ಲಿಗೆ ತಂದರೆ ನಿಪ್ಪಾಣಿ ಕೊಲ್ಹಾಪುರದ ಬಾಲವಾಗಿ, ವಿಧಾನಸೌಧದ ಸುದ್ದಿ ದೂರದ ಸುದ್ದಿಯಾಗುತ್ತದೆ. ಅದು ಬೇಡ.

ಬ್ರಿಟನ್ನಿನವರದು ಇನ್ನೊಂದು ದಾರಿ. 1961ರ ಸೆಪ್ಟೆಂಬರ್ 1ರಂದು ಕಾರ್ಲೈಲ್ ಪಟ್ಟಣದಿಂದ ‘ಬಾರ್ಡರ್ ಟೆಲಿವಿಷನ್’ ಎಂಬ ವಾಹಿನಿಯೇ ಶುರುವಾಯಿತು. ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿಯ ಎರಡೂ ಬದಿಯ ಊರುಗಳು ಅದರ ಪ್ರೇಕ್ಷಕರು. 2009ರಲ್ಲಿ ಖರ್ಚು ಉಳಿಸಲು ಅದರ ಸುದ್ದಿ ವಿಭಾಗವನ್ನು ಪಕ್ಕದ ಪ್ರದೇಶದೊಂದಿಗೆ ಕೂಡಿಸಿದರು, ಕೆಲವೇ ವರ್ಷಗಳಲ್ಲಿ ಮತ್ತೆ ಬೇರ್ಪಡಿಸಿದರು. 2014ರಿಂದ ಸ್ಕಾಟ್ಲೆಂಡ್ ಬದಿಯವರಿಗೆ ಅವರ ರಾಜಕೀಯದ ಪ್ರತ್ಯೇಕ ಕಾರ್ಯಕ್ರಮವೂ ಬಂತು. ಗಡಿಯನ್ನು ಅಂಚು ಎಂದು ನೋಡದೆ ಒಂದು ಪ್ರದೇಶವೆಂದೇ ನೋಡಿದ ಉದಾಹರಣೆ ಇದು.

ನಮ್ಮಲ್ಲೂ ಅಂಥ ಕಣ್ಣು ಇಲ್ಲದಿಲ್ಲ. ಶಿಕ್ಷಣ ಇಲಾಖೆ ಚಿಕ್ಕೋಡಿಯನ್ನು ಬೆಳಗಾವಿಯಿಂದ ಬೇರೆ ಶೈಕ್ಷಣಿಕ ಜಿಲ್ಲೆಯಾಗಿಯೇ ಎಣಿಸುತ್ತದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ರಾಜ್ಯವೆಲ್ಲ ಅದರ ಸ್ಥಾನ ಓದುತ್ತದೆ. ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ಮಾನ್ಯತೆ ಕೊಡುವಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವನ್ನೂ ಸೇರಿಸಿದರು, ಎರಡೂ ರಾಜ್ಯಗಳ ಚರ್ಮೋದ್ಯೋಗ ನಿಗಮಗಳಿಗೆ ಜಂಟಿಯಾಗಿ ಹಕ್ಕು ಕೊಟ್ಟರು. ಅಥಣಿ, ನಿಪ್ಪಾಣಿಗಳಲ್ಲಿ ಚಪ್ಪಲಿ ಹೊಲಿಯುವ ಕೈಗಳನ್ನು ಕಂಡವರಿಗೆ ಎಂಟು ಜಿಲ್ಲೆಯ ಆ ನಕ್ಷೆ ಸಹಜವೆನಿಸುತ್ತದೆ.

ಹಾಗಾಗಿ ಕೇಳಬೇಕಾದದ್ದು ದೊಡ್ಡದೇನಲ್ಲ. ನಿಪ್ಪಾಣಿಯನ್ನು ಕರ್ನಾಟಕದ ಲೆಕ್ಕದಿಂದ ತೆಗೆಯುವುದು ಬೇಡ, ಕನ್ನಡದ ಪಟ್ಟಿಯನ್ನು ಕರ್ನಾಟಕದ ಗಡಿಗೆ ನಿಲ್ಲಿಸುವುದೂ ಬೇಡ. ಜತ್ತದ, ಅಕ್ಕಲಕೋಟದ, ಕಾಸರಗೋಡಿನ ಕನ್ನಡ ನೋಟ ಕನ್ನಡಕ್ಕೆ ಸಲ್ಲಲಿ, ನಿಪ್ಪಾಣಿಯ ಮರಾಠಿ ನೋಟ ಮರಾಠಿಗೆ ಸಲ್ಲಲಿ. ಜೊತೆಗೆ ಗಡಿ ತಾಲೂಕುಗಳದೇ ಒಂದು ಸಾಲು ಬೇರೆಯಾಗಿ ಅಚ್ಚಾಗಲಿ. ಮೀಟರುಗಳು ಸಾಲವು ಎಂದು ಸಚಿವಾಲಯವೇ ಒಪ್ಪಿರುವಾಗ, ಸಂಖ್ಯೆ ಹೆಚ್ಚಿಸುವಾಗಲೇ ಇಲ್ಲಿಗೊಂದು ಪಾಲು ಇಡಬಹುದು. ಗಡಿ ಕನ್ನಡಕ್ಕೆಂದೇ ಇರುವ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಭವನ ಕಟ್ಟಲು, ಸಮಾರಂಭ ನಡೆಸಲು ನೆರವು ಕೊಡುತ್ತ ಬಂದಿದೆ. ಈ ಬೇಡಿಕೆಯನ್ನು ಬರೆದು ಬಾರ್ಕ್‌ಗೂ ಸಚಿವಾಲಯಕ್ಕೂ ಕಳಿಸುವ ಕೆಲಸವನ್ನು ಅದು ಈ ವರ್ಷವೇ ಕೈಗೆತ್ತಿಕೊಳ್ಳಲಿ.