ಚಿಟ್ಟಿಲಿಯ ಮೂಗೂ ಬಾಲಿಕೆಯರ ಪಾಠವೂ

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಜೀವಿಗಳ ಸಂತಾನೋತ್ಪತ್ತಿಯನ್ನು ಕುರಿತ ಪಾಠವೊಂದಿದೆಯಷ್ಟೆ. ಬಾಲಿಕೆಯರ ಶಾಲೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳತಕ್ಕದ್ದಲ್ಲವೆಂದೂ, ಮಕ್ಕಳು ಮನೆಯಲ್ಲಿ ತಾವಾಗಿ ಓದಿಕೊಂಡರೆ ಸಾಕೆಂದೂ ಪೋಷಕರಲ್ಲಿ ಕೆಲವರ ಅಭಿಪ್ರಾಯ. ಅವರಲ್ಲಿ ನಮಗೆ ಗೌರವವಿದೆ. ಆದರೆ ಅವರ ಮಾತಿಗೆ ನಮ್ಮ ಒಪ್ಪಿಗೆಯಿಲ್ಲ. ಏಕೆಂಬುದನ್ನು ತಿಳಿಸುವುದಕ್ಕಾಗಿ ಓರ್ವ ವಿದುಷಿಯ ಸಂಶೋಧನೆಯನ್ನು ಇಲ್ಲಿ ವಿವರಿಸುತ್ತೇವೆ.

ಇವರ ಹೆಸರು ಹಿಲ್ಡಾ ಬ್ರೂಸ್. ಲಂಡನ್ನಿನ ಮಿಲ್ ಹಿಲ್ ಎಂಬಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಿದ್ದ ಈ ಮಹಿಳೆ 1959ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನವನ್ನು ಪ್ರಕಟಿಸಿದರು. ಹೆಣ್ಣು ಚಿಟ್ಟಿಲಿಯು ಗಂಡಿನೊಡನೆ ಕೂಡಿದ ತರುವಾಯ, ಮೊದಲ ಕೆಲವು ದಿನಗಳೊಳಗೆ, ಅಪರಿಚಿತವಾದ ಬೇರೊಂದು ಗಂಡನ್ನು ಅದರ ಬಳಿ ಇರಿಸಿದರೆ ಅನೇಕ ವೇಳೆ ಗರ್ಭವು ನಿಲ್ಲುವುದಿಲ್ಲ. ಹೆಣ್ಣು ಮರಳಿ ಬೆದೆಗೆ ಬರುತ್ತದೆ. ತಾನು ಕೂಡಿದ ಗಂಡೇ ಜತೆಯಲ್ಲಿದ್ದರೆ ಈ ಹಾನಿಯಿಲ್ಲ.

ಇದಕ್ಕೆ ಹೆದರಿಕೆಯೇ ಕಾರಣವೆಂದು ಯಾರಾದರೂ ಊಹಿಸಿಯಾರು. ಆದರೆ ಹೊಸ ಗಂಡು ಮೈ ಮುಟ್ಟಬೇಕಾಗಿಲ್ಲ, ಕಣ್ಣಿಗೆ ಬೀಳಬೇಕಾಗಿಯೂ ಇಲ್ಲ. ಅದು ಮಲಗಿ ಮಲಿನ ಮಾಡಿದ ಹಾಸನ್ನು ಹೆಣ್ಣಿನ ಪಂಜರದೊಳಗೆ ಹಾಕಿದರೆ ಸಾಕು. 1960ರಲ್ಲಿ ಬ್ರೂಸ್ ಅವರೂ ಅವರ ಸಹೋದ್ಯೋಗಿಯಾದ ಪ್ಯಾರಟ್ ಎಂಬವರೂ ಇನ್ನೊಂದು ಸಾಕ್ಷ್ಯವನ್ನು ಒದಗಿಸಿದರು. ಮೆದುಳಿನಲ್ಲಿ ವಾಸನೆಯನ್ನು ಗ್ರಹಿಸುವ ಭಾಗವನ್ನು ತೆಗೆದುಹಾಕಿದ ಹೆಣ್ಣುಗಳಲ್ಲಿ ಅಪರಿಚಿತ ಗಂಡಿನಿಂದ ಗರ್ಭಕ್ಕೆ ಕುಂದು ಬರಲಿಲ್ಲ. (ಮೂಕಪ್ರಾಣಿಗಳನ್ನು ಹೀಗೆ ಕೊಯ್ಯುವುದು ನಮ್ಮ ಮನಸ್ಸಿಗೆ ಒಗ್ಗದು, ಅದನ್ನೂ ಮಕ್ಕಳ ಮುಂದೆ ಮುಚ್ಚಿಡಲಾಗದು.) ವಾಸನೆಯ ಸುಳಿವು ಮೂಗಿನಿಂದ ಮೆದುಳಿಗೆ ಮುಟ್ಟಿ, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ತಗ್ಗುತ್ತದೆ, ಅದು ತಗ್ಗಿದರೆ ಗರ್ಭವನ್ನು ಕಾಯುವ ಪ್ರೊಜೆಸ್ಟೆರೋನು ಅಂಡಾಶಯದಿಂದ ಸಾಕಷ್ಟು ಒದಗದು, ಹೀಗೆ ಭ್ರೂಣವು ಗರ್ಭಕೋಶದ ಗೋಡೆಗೆ ಅಂಟುವ ಮೊದಲೇ ನಷ್ಟವಾಗುತ್ತದೆ. ಇದನ್ನು ವಿದ್ವಾಂಸರು ಇಂದಿಗೂ 'ಬ್ರೂಸ್ ಪರಿಣಾಮ'ವೆಂದೇ ಕರೆಯುತ್ತಾರೆ.

ಅದೇ 1959ರಲ್ಲಿ ಜರ್ಮನಿಯ ಬುಟೆನಾಂಟ್ ಎಂಬ ರಸಾಯನಶಾಸ್ತ್ರಜ್ಞರು ಸುಮಾರು 5,00,000 ರೇಷ್ಮೆ ಚಿಟ್ಟೆಗಳಿಂದ, ಗಂಡನ್ನು ಸೆಳೆಯುವ ಹೆಣ್ಣಿನ ದ್ರವ್ಯವನ್ನು ಬೇರ್ಪಡಿಸಿ ತೋರಿಸಿದರು. ಬಿತ್ತನೆ ಗೂಡನ್ನು ಬಿಟ್ಟು ಹೊರಬಂದ ಗಂಡು ಚಿಟ್ಟೆ ಹೆಣ್ಣಿನ ಸುತ್ತ ರೆಕ್ಕೆ ಬಡಿಯುವುದನ್ನು ನಮ್ಮ ನಾಡಿನ ರೇಷ್ಮೆ ಸೀಮೆಯವರು ಕಂಡೇ ಇದ್ದಾರೆ. ಬೆದೆಗೆ ಬಂದ ಹಸುವನ್ನು ಮೂಸಿ ಹೋರಿಯು ಮೇಲ್ದುಟಿಯನ್ನು ಮಡಿಸಿ ನಿಲ್ಲುವುದನ್ನು ಯಾವ ಹಳ್ಳಿಯ ಹುಡುಗಿ ತಾನೆ ನೋಡಿಲ್ಲ? ಕಣ್ಣಾರೆ ಕಂಡದ್ದನ್ನು ಶಾಲೆಯಲ್ಲಿ ಮಾತ್ರ ಕಾಣದವರಂತೆ ಇರಬೇಕೆಂಬುದು ಎಂಥ ನ್ಯಾಯ?

ಮರ್ಯಾದೆಯ ಪ್ರಶ್ನೆಯನ್ನು ಎತ್ತುವವರಿಗೆ ಒಂದು ಮಾತು. ಸಾರಳ, ಹನ್ನಳ, ಎಲಿಸಬೇತಳ ಬಸುರು ಬಾಣಂತನಗಳ ವೃತ್ತಾಂತವನ್ನು ಭಾನುವಾರದ ಶಾಲೆಯಲ್ಲಿ ಎಳೆಯ ಮಕ್ಕಳಿಗೂ ಹೇಳುತ್ತೇವೆ. ಸತ್ಯವೇದವು ನಾಚದೆ ಆಡಿದ ಮಾತಿಗೆ ವಿಜ್ಞಾನದ ಉಪಾಧ್ಯಾಯಿನಿಯು ನಾಚಬೇಕಾಗಿಲ್ಲ.

ಪಾಠವನ್ನು ಬಿಟ್ಟ ಮಾತ್ರಕ್ಕೆ ಹುಡುಗಿಯರ ಕುತೂಹಲ ಅಡಗೀತೆ? ಅದು ಪಿಸುಮಾತುಗಳನ್ನೂ ಕೈಯೊಳಗಿನ ಮೊಬೈಲನ್ನೂ ಆಶ್ರಯಿಸುತ್ತದೆ. ಚಿಟ್ಟಿಲಿಯ ಈ ಸುದ್ದಿಯನ್ನೇ ಅರೆಬರೆಯಾಗಿ ಕೇಳಿದವರು, ಬಸುರಿಯು ಪರಪುರುಷನ ಗಾಳಿ ಸೋಕದಂತೆ ಒಳಗಿರಬೇಕೆಂದು ಹೊಸ ಕಟ್ಟಳೆಯೊಂದನ್ನು ಹೂಡಿಯಾರು! ಸ್ತ್ರೀಯರಲ್ಲಿ ಇಂಥ ಪರಿಣಾಮವುಂಟೆಂದು ಸ್ಥಾಪಿತವಾಗಿಲ್ಲ. ಇಲಿಯಲ್ಲಿ ಕಂಡದ್ದು ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂದು ಅಳೆಯುವ ಶಕ್ತಿ ನಮ್ಮ ಹುಡುಗಿಯರಿಗೆ ಬೇಕು. ನಾಳೆ ಅವರ ಮೇಲೆ ಹೇರಲ್ಪಡುವ ಎಷ್ಟೋ ನಂಬಿಕೆಗಳನ್ನು ಅವರು ಇದೇ ಅಳತೆಯಿಂದ ಒರೆಹಚ್ಚಬೇಕಾದೀತು.

ಆದಕಾರಣ ಈ ವರ್ಷ ಆ ಪಾಠವನ್ನು ಉಪಾಧ್ಯಾಯಿನಿಯರು ತರಗತಿಯಲ್ಲಿಯೇ, ಕಪ್ಪುಹಲಗೆಯ ಮೇಲೆ ಚಿತ್ರ ಬರೆದು, ಪೂರ್ತಿಯಾಗಿ ಹೇಳುವರು. ಇಚ್ಛೆಯುಳ್ಳ ತಾಯಂದಿರು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಬಹುದು. ಹಳೆಯ ವಿದ್ಯಾರ್ಥಿನಿಯರಲ್ಲಿ ವೈದ್ಯರೂ ದಾದಿಯರೂ ಆಗಿರುವವರು ಒಂದು ದಿನ ಬಿಡುವು ಮಾಡಿಕೊಂಡು ಬಂದು, ಹುಡುಗಿಯರು ಚೀಟಿಯಲ್ಲಿ ಬರೆದುಕೊಡುವ ಪ್ರಶ್ನೆಗಳಿಗೆ ಉತ್ತರ ಹೇಳಿದರೆ ಮಹದುಪಕಾರವಾಗುವುದು.